ಹನ್ನೊಂದು ಮಂದಿ, ಇಪ್ಪತ್ತೆಂಟು ಬೆಂಚು

ನಮ್ಮ ಆರಾಧನೆಯಲ್ಲಿ ನನಗೆ ಚಿಕ್ಕಂದಿನಿಂದ ಇಷ್ಟವಾದ ಒಂದು ಗಳಿಗೆ ಇದೆ. ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ದಿನ, ರೊಟ್ಟಿ ಮುರಿಯುವ ಮುಂಚೆ, ಅಯ್ಯನವರು, ಅಂದರೆ ನಮ್ಮ ಪಾದ್ರಿ, ಕೈ ಜೋಡಿಸಿಕೊಂಡು ಮುಂದಿನ ಬೆಂಚಿನ ಹತ್ತಿರ ಬರುತ್ತಾರೆ. ಅಲ್ಲಿದ್ದವರು ಆ ಕೈಗಳನ್ನು ತಮ್ಮ ಎರಡು ಕೈಯೊಳಗೆ ಹಿಡಿಯುತ್ತಾರೆ. 'ಸಮಾಧಾನ' ಅಂತ ಒಂದೇ ಮಾತು. ಅವರು ಅದನ್ನು ಪಕ್ಕದವರಿಗೆ ಕೊಡುತ್ತಾರೆ, ಪಕ್ಕದವರು ಹಿಂದಿನವರಿಗೆ. ಹೀಗೆ ಕೈಯಿಂದ ಕೈಗೆ ದಾಟುತ್ತಾ ಬಾಗಿಲ ಹತ್ತಿರದ ಕೊನೆ ಬೆಂಚಿಗೆ ಹೋಗಿ ಮುಟ್ಟುತ್ತದೆ. ಸಣ್ಣವಳಿದ್ದಾಗ ನಾನು ಅದು ಎಲ್ಲಿಯವರೆಗೆ ಬಂತು ಅಂತ ತಿರುಗಿ ತಿರುಗಿ ನೋಡುತ್ತಿದ್ದೆ. ಅವ್ವ ತೊಡೆ ಚಿವುಟುತ್ತಿದ್ದಳು.

ಇದು ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದುಕೊಂಡಿದ್ದ ಹಳೆಯ ಪದ್ಧತಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ (ಚರ್ಚ್ ಆಫ್ ಸೌತ್ ಇಂಡಿಯಾ), ಅಂದರೆ ನಮ್ಮ ಸಿಎಸ್‌ಐ, ಹುಟ್ಟಿತು. 1950ರಲ್ಲಿ ಅದು ತನ್ನದೇ ಆರಾಧನಾ ಕ್ರಮ ಮಾಡಿಕೊಂಡಾಗ ಈ ಪದ್ಧತಿಯನ್ನು ಸೇರಿಸಿಕೊಂಡಿತು. ಆಮೇಲೆ ಪಶ್ಚಿಮದ ದೊಡ್ಡ ದೊಡ್ಡ ಸಭೆಗಳೂ ನಮ್ಮ ಕ್ರಮವನ್ನು ನೋಡಿ ತಮ್ಮದನ್ನು ತಿದ್ದಿಕೊಂಡವು. ನಾವು ಅವರಿಂದ ಕಲಿತದ್ದೇ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಹೀಗೊಂದು ಉಲ್ಟಾ ಲೆಕ್ಕವೂ ಇದೆ.

ಏಳು ವರ್ಷದ ಹಿಂದೆ ಬ್ಯಾಂಕಿನವರು ನನ್ನನ್ನು ನನ್ನ ಊರಿಗೇ ವರ್ಗ ಮಾಡಿದರು. ಗದಗ ಸೀಮೆಯ ಒಂದು ಸಣ್ಣ ಊರು. ಹೆಸರು ಬೇಡ, ನಮ್ಮ ಅತ್ತಿ ಮುಜುಗರ ಪಡುತ್ತಾಳೆ. ಅತ್ತೆಗೆ ನಮ್ಮ ಕಡೆ ಅತ್ತಿ ಅನ್ನುತ್ತೇವೆ. ಮೊದಲ ಭಾನುವಾರ ದೇವಾಲಯಕ್ಕೆ ಹೋದೆ. ಅಂದು ಕರ್ತನ ಭೋಜನ ಇತ್ತು. ಅಯ್ಯನವರು ಕೈ ಜೋಡಿಸಿಕೊಂಡು ಬಂದರು. ಮೊದಲ ಬೆಂಚಿನಲ್ಲಿ ಅತ್ತಿ ಒಬ್ಬಳೇ. ಅತ್ತಿ ಹಿಂದೆ ತಿರುಗಿದಳು. ಹಿಂದೆ ನಾಲ್ಕು ಬೆಂಚು ಖಾಲಿ. ಸಮಾಧಾನ ಅಲ್ಲಿಗೇ ನಿಂತಿತು.

ನಾನು ಬ್ಯಾಂಕಿನವಳು, ಎಣಿಸುವುದು ಚಟ. ಹನ್ನೊಂದು ಜನ ಇದ್ದರು. ಬೆಂಚು ಇಪ್ಪತ್ತೆಂಟು. ಹನ್ನೊಂದು ಜನವೂ ಹನ್ನೊಂದು ಕಡೆ ಕೂತಿದ್ದರು. ಯಾಕೆಂದರೆ ಪ್ರತಿ ಬೆಂಚಿಗೂ ಒಂದು ಮನೆತನ ಇತ್ತು. ಮನೆಯವರು ಹುಬ್ಬಳ್ಳಿಗೋ ಬೆಂಗಳೂರಿಗೋ ದುಬೈಗೋ ಹೋಗಿಯಾಗಿತ್ತು. ಉಳಿದ ಒಬ್ಬರು ಇಡೀ ಬೆಂಚು ಕಾಯುತ್ತಾ ಕೂತಿದ್ದರು. ಅಯ್ಯನವರು ಪಾಪ, ಒಬ್ಬೊಬ್ಬರ ಹತ್ತಿರ ನಡೆದು ಹೋಗಿ ಕೈ ಕೊಟ್ಟು ಬಂದರು, ಪೋಸ್ಟ್‌ಮನ್ ಹಾಗೆ.

ನಮ್ಮ ಸಭೆಯ ಕಪಾಟಿನಲ್ಲಿ ಒಂದು ಕುಟುಂಬ ರಿಜಿಸ್ಟರ್ ಇದೆ. ನಮ್ಮ ಸಭೆ ಶುರು ಮಾಡಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಬಾಸೆಲ್ ಮಿಶನ್ನಿನವರು ಇಂಥದ್ದರಲ್ಲಿ ಬಹಳ ಕಟ್ಟುನಿಟ್ಟು. ಹುಟ್ಟು, ದೀಕ್ಷಾಸ್ನಾನ, ದೃಢೀಕರಣ, ಮದುವೆ, ಸಾವು, ಊರು ಬಿಟ್ಟದ್ದು, ಎಲ್ಲಕ್ಕೂ ಒಂದೊಂದು ಕಾಲಂ. ನಮ್ಮ ಮನೆತನದ ಮೊದಲ ಹೆಸರು ಒಬ್ಬ ಹುಡುಗಿಯದು. ಅಪ್ಪ ಅವ್ವನ ಹೆಸರಿನ ಜಾಗ ಖಾಲಿ. 1876ರಿಂದ 78ರ ತನಕ ಈ ಸೀಮೆಯನ್ನು ಸುಟ್ಟ ದೊಡ್ಡ ಬರದಲ್ಲಿ ಉಳಿದುಕೊಂಡ ಮಗು ಅದು. ಮಿಶನ್ನಿನವರ ಅನಾಥಾಲಯದಲ್ಲಿ ಬೆಳೆಯಿತು. ನಮ್ಮ ಕಡೆ ಎಷ್ಟೋ ಕ್ರೈಸ್ತ ಮನೆಗಳ ಬೇರು ಹುಡುಕುತ್ತಾ ಹೋದರೆ ಹೀಗೊಂದು ಖಾಲಿ ಕಾಲಂ ಸಿಗುತ್ತದೆ. 'ನಿಮ್ಮ ಮೂಲ ಯಾವುದು' ಅಂತ ಯಾರಾದರೂ ಕೇಳಿದರೆ ನಾನು 'ಹಸಿವು' ಅನ್ನುತ್ತೇನೆ. ಅವರು ಮುಂದೆ ಕೇಳುವುದಿಲ್ಲ.

ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಘಟ್ಟದ ಮೇಲೆ ಬಂದ ಹೊಸತರಲ್ಲಿ ಒಂದು ತಮಾಷೆಯ ಪ್ರಸಂಗ ನಡೆಯಿತು. ತಮಾಷೆ ಅನ್ನಬಹುದೋ ಇಲ್ಲವೋ, ನನಗಂತೂ ನಗು ಬರುತ್ತದೆ. ಕಾಲಜ್ಞಾನದ ನುಡಿಗಳನ್ನು ನಂಬಿದ ಕೆಲವರು ಪಾದ್ರಿಗಳ ಹತ್ತಿರ ಬಂದರು. ನಮ್ಮ ಹಳೆಯ ನುಡಿಯಲ್ಲಿ ಹೇಳಿದ ಜನ ನೀವೇ ಇರಬೇಕು ಅಂದರು. ಪಾದ್ರಿಗಳಿಗೆ ಸಂತೋಷವೋ ಸಂತೋಷ. ಇನ್ನು ಊರಿಗೆ ಊರೇ ಸೇರುತ್ತದೆ ಅಂದುಕೊಂಡರು. ಗದಗದ ಹತ್ತಿರ ಮಲ್ಲಸಮುದ್ರದಲ್ಲಿ ಹೊಲ ಹಿಡಿದು, ಬರುವವರಿಗಾಗಿ ಒಂದು ವಸಾಹತು ಕಟ್ಟಲು ಹೊರಟರು. ಅಂದುಕೊಂಡಷ್ಟು ಜನ ಬರಲೇ ಇಲ್ಲ. ಮಂದಿ ಬರುತ್ತಾರೆ ಅಂತ ಜಾಗ ಮಾಡಿ ಕಾಯುವುದು ನಮ್ಮಲ್ಲಿ ಅಷ್ಟು ಹಳೆಯ ರೂಢಿ.

ಬಂದವರು ಬೇರೆ ಥರ ಬಂದರು. ಒಂದೊಂದೇ ಮನೆ, ಬರದ ಮಕ್ಕಳು, ಜಾತಿಯವರು ಹೊರಗೆ ಹಾಕಿದವರು. ಮತ ಬದಲಿಸಿದರೂ ಆಸ್ತಿಯ ಹಕ್ಕು ಹೋಗುವುದಿಲ್ಲ ಅಂತ 1850ರಲ್ಲೇ ಕಾನೂನು ಬಂದಿತ್ತು. ಆದರೆ ಹಳ್ಳಿಯಲ್ಲಿ ಬಾವಿಯ ಹಗ್ಗ ಹಿಡಿದವರ ಮಾತೇ ಕಾನೂನು. ಹಾಗೆ ಹೊರಬಿದ್ದವರಿಗೆ ಮಿಶನ್ ಮನೆ ಕೊಟ್ಟಿತು, ಶಾಲೆ ಕೊಟ್ಟಿತು, ಕೆಲಸ ಕೊಟ್ಟಿತು. ಕರಾವಳಿಯಲ್ಲಿ ಹೆಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ. ಬೆಟಗೇರಿಯ ಆಸ್ಪತ್ರೆಯನ್ನು ಈಗಲೂ ಜನ ಜರ್ಮನ್ ದವಾಖಾನಿ ಅಂತಲೇ ಕರೆಯುತ್ತಾರೆ. ಇವೆಲ್ಲ ಇಲ್ಲದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಮುಂದೆ ಬರೆಯುವುದನ್ನು ಕೃತಜ್ಞತೆ ಇಲ್ಲದ ಮಾತು ಅಂತ ತಿಳಿಯಬೇಡಿ.

ಆ ಪ್ರೀತಿ ನಮಗೆ ಒಂದು ಚಟ ಅಂಟಿಸಿತು. ಕಾಯುವ ಚಟ. ಗೋಡೆ ಬಿತ್ತೇ, ಮಿಶನ್ ಕಟ್ಟಿಸುತ್ತದೆ. ಮಗನಿಗೆ ಕೆಲಸ ಬೇಕೇ, ದೊರೆಗಳಿಗೆ ಹೇಳೋಣ. ನಮ್ಮ ಅಜ್ಜಂದಿರು ಪಾದ್ರಿಗಳನ್ನು ದೊರೆಗಳು ಅನ್ನುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷರು ಜರ್ಮನ್ ಪಾದ್ರಿಗಳನ್ನು ಶತ್ರುಗಳು ಅಂತ ಹಿಡಿದು ಒಳಗೆ ಹಾಕಿದರು. ಕಾರ್ಖಾನೆಗಳು ಬೇರೆಯವರ ಪಾಲಾದವು. ಆಮೇಲೆ ಸ್ವಾತಂತ್ರ್ಯ ಬಂತು, ಸಿಎಸ್‌ಐ ಬಂತು, ಉತ್ತರ ಕರ್ನಾಟಕದ ನಮ್ಮ ಸಭೆಗಳು ಸ್ವಲ್ಪ ತಡವಾಗಿ ಅದಕ್ಕೆ ಸೇರಿದವು. ದುಡ್ಡು ಬರುವುದು ನಿಂತಿತು. ಚಟ ಮಾತ್ರ ನಿಲ್ಲಲಿಲ್ಲ. ದೊರೆಗಳ ಜಾಗದಲ್ಲಿ ಡಯಾಸಿಸ್ (ಬಿಷಪ್ಪರ ಆಡಳಿತ), ಅಯ್ಯನವರು, ಬೆಂಗಳೂರಿನ ಅಣ್ಣ ತಮ್ಮಂದಿರು ಬಂದು ಕೂತರು, ಅಷ್ಟೇ.

ಈಗ ನಮ್ಮ ಅಯ್ಯನವರಿಗೆ ನಾಲ್ಕು ಸಭೆ. ಮೋಟಾರ್‌ಸೈಕಲ್ ಮೇಲೆ ತಿರುಗುತ್ತಾರೆ. ತಿಂಗಳಿಗೆ ಒಂದು ಭಾನುವಾರ ನಮಗೆ ಪೂರ್ತಿ ಸಿಗುತ್ತಾರೆ, ಇನ್ನೊಂದು ಅರ್ಧ. ಉಳಿದ ಭಾನುವಾರ ಒಬ್ಬ ಹಿರಿಯರು ಪುಸ್ತಕ ನೋಡಿಕೊಂಡು ಪ್ರಾರ್ಥನೆ ಓದಿ, ಒಂದು ಗೀತೆ ಹಾಡಿಸಿ, 'ಅಯ್ಯನವರು ಬಂದಾಗ ಪ್ರಸಂಗ' ಅಂತ, ಅಂದರೆ ಉಪದೇಶ ಆಮೇಲೆ ಅಂತ, ಮುಗಿಸುತ್ತಿದ್ದರು. ಇಪ್ಪತ್ತು ನಿಮಿಷ. ಬೇಸಿಗೆಯಲ್ಲಿ ಹದಿನೈದು.

ನಾನು ಪೇಟೆಯಿಂದ ಬಂದವಳು ತಾನೆ, ಸುಮ್ನೆ ಕೂರಲಿಲ್ಲ. ಉದ್ಧಾರ ಮಾಡಲು ಹೊರಟೆ.

ಮೊದಲು ಪ್ರೊಜೆಕ್ಟರ್ ತಂದೆ. ಗೀತೆಗಳನ್ನು ಗೋಡೆಯ ಮೇಲೆ ತೋರಿಸಿದರೆ ಯೌವನಸ್ಥರು ಬರುತ್ತಾರೆ ಅಂತ ಯಾರೋ ಹೇಳಿದ್ದರು. ನಮ್ಮಲ್ಲಿದ್ದ ಯೌವನಸ್ಥರು ಇಬ್ಬರು. ಒಬ್ಬನಿಗೆ ಪ್ರೊಜೆಕ್ಟರ್ ನಡೆಸುವ ಕೆಲಸ ಕೊಟ್ಟೆ. ಉಳಿದವನು ಅದನ್ನು ನೋಡಬೇಕು. ಉಳಿದ ಒಂಬತ್ತು ಜನಕ್ಕೆ ಗೀತೆಗಳು ಬಾಯಿಪಾಠ, ಗೋಡೆ ನೋಡುವ ಅಗತ್ಯವೇ ಇರಲಿಲ್ಲ. ಮೇಲಾಗಿ ಭಾನುವಾರ ಬೆಳಿಗ್ಗೆ ಕರೆಂಟು ಇರಬೇಕಲ್ಲ.

ಆಮೇಲೆ ಉಜ್ಜೀವನ ಕೂಟ. ಮೂರು ದಿನ ಶಾಮಿಯಾನ, ದೊಡ್ಡ ಸ್ಪೀಕರ್, ಹೊರಗಿನಿಂದ ಪ್ರಸಂಗಿಗಳು. ಮುನ್ನೂರು ಜನ ಬಂದರು. ನನಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಹೆಚ್ಚಿನವರು ಸುತ್ತಲ ಬೇರೆ ಸಭೆಗಳವರು, ಟೆಂಪೋ ಮಾಡಿಕೊಂಡು ಬಂದವರು. ಅವರವರ ಊರಿನಲ್ಲಿ ಕೂಟ ಆದಾಗ ನಾವೂ ಹೀಗೇ ಟೆಂಪೋ ಮಾಡಿಕೊಂಡು ಹೋಗುತ್ತೇವೆ. ಮುಂದಿನ ಭಾನುವಾರ ಎಣಿಸಿದೆ. ಒಂಬತ್ತು. ಇಬ್ಬರಿಗೆ ಶಾಮಿಯಾನದ ಧೂಳಿಗೆ ಕೆಮ್ಮು ಬಂದಿತ್ತು.

ಇನ್ನೊಂದು ಕಡೆ ಬೆಂಗಳೂರಿನವರು. ಕ್ರಿಸ್‌ಮಸ್ಸಿಗೆ ಬರುತ್ತಾರೆ, ಕರ್ಚಿಕಾಯಿ ತಿನ್ನುತ್ತಾರೆ, ದೇವಾಲಯ ನೋಡಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. 'ಎಲ್ಲಾ ಬೀಳಿಸಿ ಹೊಸದು ಕಟ್ಟೋಣ, ರೊಕ್ಕ ನಾವು ಕೊಡ್ತೀವಿ' ಅನ್ನುತ್ತಾರೆ. ನನ್ನ ತಮ್ಮನೂ ಅವರಲ್ಲಿ ಒಬ್ಬ. ಒಳ್ಳೆಯ ಮನಸ್ಸೇ, ಸುಳ್ಳಲ್ಲ. ಆದರೆ ಆ ಮನಸ್ಸಿನಲ್ಲಿ ಊರು ಒಂದು ಫೋಟೋ. ಬಾಗಿಲ ಹತ್ತಿರ ಗ್ರಾನೈಟ್ ಕಲ್ಲು ಹಾಕಿ 'ನವೀಕರಣಕ್ಕೆ ದಾನ ಕೊಟ್ಟವರು' ಅಂತ ಹೆಸರು ಕೆತ್ತಿಸಿದ್ದಾರೆ. ಆ ಕಲ್ಲಿನ ಮೇಲೆ ಇರುವ ಹೆಸರುಗಳು ಒಳಗೆ ಕೂರುವವರಿಗಿಂತ ಜಾಸ್ತಿ.

ಹೀಗೆ ಎರಡು ವರ್ಷ ಹೋಯಿತು. ಬದಲಾವಣೆ ಬಂದದ್ದು ನನ್ನಿಂದಲ್ಲ. ಸೋರುವ ಮಾಡಿನಿಂದ.

ನಮ್ಮ ದೇವಾಲಯಕ್ಕೆ ಮಂಗಳೂರು ಹೆಂಚು. ಆ ಹೆಂಚೂ ಮಿಶನ್ನಿನದೇ ಕೊಡುಗೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅವರು ಕಾರ್ಖಾನೆ ಶುರು ಮಾಡಿದ ಮೇಲೆಯೇ ಅದು ಊರೂರಿಗೆ ಹೋದದ್ದು. ಮಂಗಗಳ ಕಾಟಕ್ಕೆ ಹಿಂದಿನ ಭಾಗದ ಹೆಂಚು ಒಡೆದು ಹೋಗಿದ್ದವು. ನಮ್ಮದು ಮಳೆ ಕಡಿಮೆ ಸೀಮೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆ ವರ್ಷ ಮಾತ್ರ ಮಳೆ ಹಿಡಿದುಕೊಂಡು ಬಿಟ್ಟಿತು. ಭಾನುವಾರ ಹೋಗಿ ನೋಡಿದರೆ ಹಿಂದಿನ ಇಪ್ಪತ್ತು ಬೆಂಚು ತೊಪ್ಪೆಯಾಗಿ ತೋಯ್ದಿವೆ. ಬಲಗಡೆ ಮೂಲೆಯಲ್ಲಿ, ಬಲಿಪೀಠದ ಹತ್ತಿರ, ನಾಲ್ಕು ಬೆಂಚಿನಷ್ಟು ಜಾಗ ಮಾತ್ರ ಒಣಗಿತ್ತು.

ಎಲ್ಲರೂ ಬಾಗಿಲಲ್ಲಿ ನಿಂತರು. ಅಯ್ಯನವರು ಬರಬೇಕಿತ್ತು. ಹಳ್ಳ ತುಂಬಿದೆ, ಬರಲು ಆಗುವುದಿಲ್ಲ ಅಂತ ಫೋನ್ ಬಂತು. ಪ್ರಾರ್ಥನೆ ಓದುವ ಹಿರಿಯರೂ ಬಂದಿರಲಿಲ್ಲ.

'ಹಂಗಾದ್ರ ಮನಿಗೆ ಹೋಗೂಣು' ಅಂದರು ಟೇಲರ್ ಕಾಕಾ.

ಅತ್ತಿ ಕೊಡೆ ಮಡಚಿದಳು. 'ಮಳ್ಯಾಗ ಬಂದೀವಿ, ಮಳ್ಯಾಗ ಹೋಗೂಣೇನು? ಇಲ್ಲೇ ಕುಂದರ್ರಿ ಎಲ್ಲಾರೂ.'

ಎರಡು ಬೆಂಚು ಎಳೆದು ಎದುರುಬದುರು ಹಾಕಿದೆವು, ಇನ್ನೆರಡು ಅಡ್ಡ. ಆ ಕಾಲದ ಸಾಗವಾನಿ ಬೆಂಚು, ಒಂದೊಂದು ಎಮ್ಮೆಯಷ್ಟು ಭಾರ. ಕೂತ ಮೇಲೆ ಒಂದು ವಿಚಿತ್ರ ಆಯಿತು. ಇಷ್ಟು ವರ್ಷ ಒಬ್ಬರ ಬೆನ್ನು ಒಬ್ಬರು ನೋಡುತ್ತಿದ್ದವರು ಮುಖ ನೋಡಬೇಕಾಯಿತು. ಯಾರಿಗೂ ಎಲ್ಲಿ ನೋಡಬೇಕು ಗೊತ್ತಾಗಲಿಲ್ಲ. ಸಂಡೇ ಸ್ಕೂಲ್ ಅಕ್ಕನ ಕಣ್ಣಿಗೆ ಪೊರೆ ಬಂದಿದೆ ಅಂತ ನನಗೆ ಗೊತ್ತಾದದ್ದೇ ಅವತ್ತು.

ಅತ್ತಿ ಓದಿದ್ದು ಏಳನೇ ಇಯತ್ತೆ. ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ಓದಿದಳು. ರೈತ ಬೀಜ ಬಿತ್ತಿ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಅವನಿಗೆ ತಿಳಿಯದ ಹಾಗೆ ಬೀಜ ಮೊಳೆತು ಬೆಳೆಯುತ್ತದೆ, ಭೂಮಿ ತಾನಾಗಿ ಫಲ ಕೊಡುತ್ತದೆ ಅನ್ನುವ ಸಾಮ್ಯ. ಓದಿ ಮುಗಿಸಿ ಕನ್ನಡಕ ತೆಗೆದಳು. ಪ್ರಸಂಗ ಯಾರು ಮಾಡಬೇಕು? ಯಾರೂ ಮಾತಾಡಲಿಲ್ಲ. ಮಳೆಯ ಸದ್ದು.

ಆಗ ಮೂಲೆಯಲ್ಲಿ ಕೂತಿದ್ದ ಹೊಲದ ಕಾಕಾ ಬಾಯಿ ಬಿಟ್ಟರು. ಮೂವತ್ತು ವರ್ಷದಲ್ಲಿ ದೇವಾಲಯದೊಳಗೆ ಅವರು 'ಆಮೆನ್' ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ.

'ತಾನ ಬೆಳಿತೈತಿ ಅಂತ ಬರದಾರ. ಎಡಿ ಹೊಡಿಯೂದು ಯಾರು? ಕಸ ತೆಗಿಯೂದು ಯಾರು?'

ಎಲ್ಲರೂ ನಕ್ಕರು. ಆಮೇಲೆ ನಿಜವಾಗಿ ಮಾತು ಶುರುವಾಯಿತು. ಆ ವರ್ಷದ ಹೆಸರುಕಾಳಿನ ಬೆಳೆ ಮಳೆಗೆ ಕೊಳೆಯುತ್ತಿತ್ತು. ಭೂಮಿ ತಾನಾಗಿ ಕೊಡುತ್ತದೆ ಅನ್ನುವುದು ಸುಳ್ಳು ಅಂತ ಒಬ್ಬರು. ಬೀಜದ ಒಳಗಿನ ಕೆಲಸ ನಮ್ಮ ಕೈಯಲ್ಲಿಲ್ಲ, ಸಾಲಿನ ಕೆಲಸ ನಮ್ಮದು ಅಂತ ಇನ್ನೊಬ್ಬರು. ದೇವರು ಯಾಕೆ ಹೀಗೆ ಮಳೆ ಕೊಟ್ಟ ಅಂತ ಟೇಲರ್ ಕಾಕಾನ ಹೆಂಡತಿ ಕೇಳಿದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅತ್ತಿ ಉತ್ತರ ಹೇಳಲು ಹೋಗಲೂ ಇಲ್ಲ, 'ಅದನ್ನ ಪ್ರಾರ್ಥನ್ಯಾಗ ಕೇಳೂಣು' ಅಂದಳು. ಒಂದೂವರೆ ಗಂಟೆ ಆಗಿತ್ತು. ಯಾರೂ ಗಡಿಯಾರ ನೋಡಿರಲಿಲ್ಲ.

ಮಳೆ ಮೂರು ವಾರ ಇತ್ತು. ನಾವೂ ಆ ಮೂಲೆಯಲ್ಲೇ ಇದ್ದೆವು.

ಮಾಡು ರಿಪೇರಿ ಆದ ಮೇಲೆ ಜಗಳ ಶುರುವಾಯಿತು. ಬೆಂಚು ಹಳೆಯ ಜಾಗಕ್ಕೆ ಹಾಕಬೇಕೋ ಬೇಡವೋ? ಪ್ರಾರ್ಥನೆ ಓದುವ ಹಿರಿಯರು, ನಮ್ಮ ಅಜ್ಜ ಕುಂತ ಬೆಂಚು ಅದು, ಬಲಿಪೀಠದ ಕಡೆ ಮುಖ ಇರಬೇಕು, ಒಬ್ಬರ ಮುಖ ಒಬ್ಬರು ನೋಡಲು ಇದೇನು ಪಂಚಾಯ್ತಿ ಕಟ್ಟೆಯೇ ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಮುಖ ಒಂದೇ ಕಡೆ ಇರುವುದರಲ್ಲೂ ಒಂದು ಅರ್ಥ ಇದೆ. ಬೆಂಗಳೂರಿನಿಂದ ಫೋನುಗಳು ಬಂದವು. ನಮ್ಮ ಮನೆತನದ ಬೆಂಚು ಎಲ್ಲಿ ಹಾಕಿದ್ದೀರಿ ಅಂತ. ವರ್ಷಕ್ಕೊಮ್ಮೆ ಕೂರುವವರು! ಕೊನೆಗೆ ಅಯ್ಯನವರು ಒಂದು ತೀರ್ಮಾನ ಹೇಳಿದರು. ಹತ್ತು ಬೆಂಚು ಮುಂದೆ ಸುತ್ತಲೂ, ಹದಿನೆಂಟು ಹಿಂದೆ ಮತ್ತು ಪಡಸಾಲೆಯಲ್ಲಿ. ಕ್ರಿಸ್‌ಮಸ್ಸಿಗೆ ಮಾತ್ರ ಎಲ್ಲ ಸಾಲಾಗಿ. ಅರ್ಧ ಮನಸ್ಸಿನಿಂದ ಒಪ್ಪಿದ ಹಿರಿಯರು ಇವತ್ತಿಗೂ ಸ್ವಲ್ಪ ಓರೆಯಾಗಿ, ಬಲಿಪೀಠದ ಕಡೆ ತಿರುಗಿ ಕೂರುತ್ತಾರೆ. ಅದೂ ಒಳ್ಳೆಯದೇ.

ಮಾಡು ರಿಪೇರಿಯ ದುಡ್ಡಿನ ಕತೆ ಬೇರೆ ಇದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 1910ರಿಂದ ಒಂದು ರೂಢಿ ನಡೆದು ಬಂದಿದೆ. ಪ್ರತಿ ಸಲ ಅನ್ನಕ್ಕೆ ಇಡುವಾಗ ಮನೆಯ ಹೆಂಗಸು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಇಡುತ್ತಾಳೆ. ವಾರಕ್ಕೊಮ್ಮೆ ಅದನ್ನು ಕೂಡಿಸಿ ಮಾರಿ ಸಭೆಗೆ ಕೊಡುತ್ತಾರೆ. ಬುಹ್‌ಫಾಯ್ ಥಾಮ್ ಅಂತ ಅದರ ಹೆಸರು. ಗುಡ್ಡಗಾಡಿನ ಬಡ ಜನ ಹಿಡಿ ಹಿಡಿ ಅಕ್ಕಿಯಲ್ಲಿ ತಮ್ಮ ಸಭೆಯನ್ನು ತಾವೇ ಸಾಕಿಕೊಂಡರು. ನಾನು ಇದನ್ನು ಅತ್ತಿಗೆ ಹೇಳಿದೆ. ಅತ್ತಿ, 'ಅಕ್ಕಿ ನಮ್ಮಲ್ಲಿ ಯಾರು ತಿಂತಾರ, ಜ್ವಾಳ ಹಿಡಿಯೂಣು' ಅಂದಳು. ರೊಟ್ಟಿಗೆ ಹಿಟ್ಟು ತೆಗೆಯುವಾಗ ಒಂದು ಹಿಡಿ ಡಬ್ಬಿಗೆ. ಹಿಟ್ಟು ಹುಳ ಬೀಳುತ್ತದೆ ಅಂತ ಎರಡನೇ ವಾರಕ್ಕೇ ಗೊತ್ತಾಗಿ ಕಾಳು ಅಂತ ತಿದ್ದಿಕೊಂಡೆವು.

ಒಂದು ವರ್ಷಕ್ಕೆ ಮೂರು ಚೀಲ ಚಿಲ್ಲರೆ ಆಯಿತು. ದೊಡ್ಡ ದುಡ್ಡೇನಲ್ಲ. ನನ್ನ ತಮ್ಮ ಒಂದು ಸಂಜೆ ಹೋಟೆಲಿಗೆ ಕೊಡುವ ಬಿಲ್ಲಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಹೆಂಚು ಬಂದದ್ದು ಅದರಲ್ಲಿ. ಮತ್ತೆ, ಹೆಂಚು ಏರಿಸುವ ದಿನ ಗಂಡಸರು ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಆ ಮಾಡಿನ ಬಗ್ಗೆ ಬೆಂಗಳೂರಿನವರು ಏನಾದರೂ ಅಂದರೆ ಈಗ ಹೊಲದ ಕಾಕಾನಿಗೆ ಸಿಟ್ಟು ಬರುತ್ತದೆ. ಮೊದಲು ಬರುತ್ತಿರಲಿಲ್ಲ.

ಈ ವಿಷಯದಲ್ಲಿ ನಾನು ಬಹಳ ಯೋಚಿಸುವುದು ದೋರ್ನಕಲ್ಲಿನ ಬಿಷಪ್ ಅಜರಯ್ಯನವರ ಬಗ್ಗೆ. ವಿ. ಎಸ್. ಅಜರಯ್ಯ 1912ರಲ್ಲಿ ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು. ದೋರ್ನಕಲ್ ಆಗ ನಿಜಾಮರ ಸೀಮೆ, ಈಗ ತೆಲಂಗಾಣ. ಅವರ ಸಭೆಯ ಹೆಚ್ಚಿನ ಜನ ಮಾಲ, ಮಾದಿಗರು. ಕೂಲಿಯವರು, ಅಕ್ಷರ ಬಾರದವರು. ದೀಕ್ಷಾಸ್ನಾನ ಆದವರು ತಮ್ಮ ಕೈಯನ್ನು ತಮ್ಮದೇ ತಲೆಯ ಮೇಲೆ ಇಟ್ಟುಕೊಂಡು, ನಾನು ದೀಕ್ಷಾಸ್ನಾನ ಪಡೆದವನು, ಸುವಾರ್ತೆ ಹೇಳದೆ ಹೋದರೆ ನನ್ನ ಗತಿ ಏನು ಅನ್ನುವ ಅರ್ಥದ ಮಾತು ಹೇಳಬೇಕಿತ್ತು. ಹಳ್ಳಿಗೊಬ್ಬ ಬಿಷಪ್ಪನನ್ನೋ ಪಾದ್ರಿಯನ್ನೋ ಕೊಡಲು ಅವರಿಂದ ಸಾಧ್ಯವಿರಲಿಲ್ಲ. ಹಾಗಾಗಿ ಕೆಲಸವನ್ನು ಆ ಕೂಲಿಯವನ ತಲೆಯ ಮೇಲೇ ಇಟ್ಟರು, ಅವನದೇ ಕೈಯಿಂದ. ನಮ್ಮ ಕಡೆ ಯಾರೂ ನಮ್ಮ ತಲೆಯ ಮೇಲೆ ಏನನ್ನೂ ಇಡಲಿಲ್ಲ. ಕೈಯಲ್ಲಿ ಇಟ್ಟರು, ಅದೂ ತಿನ್ನುವುದಕ್ಕೆ.

ದೋರ್ನಕಲ್ ಅಂದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಹೇಳಲು ನಾಚಿಕೆ ಆಗುತ್ತದೆ.

ನಮ್ಮ ಊರಿಂದ ಮೂರು ಕಿಲೋಮೀಟರ್ ದೂರದ ಒಂದು ದಲಿತ ಕೇರಿಯಲ್ಲಿ ಎಂಟು ಹತ್ತು ಮನೆಯವರು ಯೇಸುವನ್ನು ನಂಬಿದವರು. ಒಂದು ತಗಡಿನ ಚಪ್ಪರದಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಾರೆ. ಅವರ ರಿಜಿಸ್ಟರ್ ಎಲ್ಲೂ ಇಲ್ಲ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದನ್ನು ಕೊಟ್ಟರು, ಕ್ರೈಸ್ತರಿಗೆ ಕೊಡಲಿಲ್ಲ. ಹಾಗಾಗಿ ಕಾಗದದಲ್ಲಿ ಒಂದು, ಮನಸ್ಸಿನಲ್ಲಿ ಒಂದು. ಮಗಳ ಸ್ಕಾಲರ್‌ಶಿಪ್ ಬಿಟ್ಟು ಬಾ ಅಂತ ಹೇಳಲು ನನಗೆ ಬಾಯಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ 1.87. ಆ ಲೆಕ್ಕದಲ್ಲಿ ಇವರು ಇಲ್ಲ.

ನಮ್ಮ ದೇವಾಲಯಕ್ಕೆ ಅವರು ಯಾಕೆ ಬರುವುದಿಲ್ಲ? 'ದೂರ ಆಗ್ತದ' ಅಂತ ನಮ್ಮವರು ಹೇಳುತ್ತಿದ್ದರು. ಮೂರು ಕಿಲೋಮೀಟರ್! ಸಂತೆಗೆ ವಾರವೂ ನಡೆದು ಬರುತ್ತಾರೆ. ನಿಜ ಏನೆಂದರೆ, ಬರದಲ್ಲಿ ಅನಾಥವಾಗಿ ಬಂದ ನಮ್ಮ ಮನೆತನಗಳೂ ನೂರೈವತ್ತು ವರ್ಷದಲ್ಲಿ ಮೇಲಿನ ಜಾತಿ ಆಗಿಬಿಟ್ಟಿದ್ದವು. ನಮ್ಮಲ್ಲಿ ಜಾತಿ ಇಲ್ಲ ಅಂತ ಹೇಳುತ್ತಲೇ ಬೆಂಚಿಗೆ ಗೆರೆ ಹಾಕಿಕೊಂಡಿದ್ದೆವು.

ಒಂದು ಸುಗ್ಗಿ ಹಬ್ಬಕ್ಕೆ ಅತ್ತಿ ಅವರನ್ನು ಕರೆದು ಬಂದಳು. ಯಾರನ್ನೂ ಕೇಳಲಿಲ್ಲ. ಫೆಬ್ರವರಿ ಕೊನೆ. ಬಿಳಿಜೋಳ ರಾಶಿ ಆಗಿತ್ತು. ಬಲಿಪೀಠದ ಮುಂದೆ ಜೋಳದ ತೆನೆ, ಕುಂಬಳಕಾಯಿ, ಉಳ್ಳಾಗಡ್ಡಿ, ಒಣ ಮೆಣಸಿನಕಾಯಿ, ಕಾಲು ಕಟ್ಟಿದ ಎರಡು ಕೋಳಿ. ಕೇರಿಯಿಂದ ಹದಿನಾಲ್ಕು ಜನ ಬಂದರು. ಬಂದು ಹಿಂದಿನ ಬೆಂಚಿನಲ್ಲಿ, ಬಾಗಿಲ ಹತ್ತಿರ ಕೂತರು. ಮುಂದೆ ಸುತ್ತು ಬೆಂಚಿನಲ್ಲಿ ಜಾಗ ಖಾಲಿ ಇತ್ತು. ಅಯ್ಯನವರು ಅಂದು ಬಂದಿದ್ದರು. ಸಮಾಧಾನ ಕೊಡುವ ಹೊತ್ತು ಬಂತು. ಮುಂದೆ ಹತ್ತು ಜನರ ಕೈ ದಾಟಿತು. ಆಮೇಲೆ ಹಿಂದೆ ಹೋಗಬೇಕು. ನಡುವೆ ಅದೇ ಖಾಲಿ.

ಅತ್ತಿ ಎದ್ದು ಹೋಗಿ ಕೊಡುತ್ತಾಳೆ ಅಂದುಕೊಂಡೆ. ಅವಳು ಹೋಗಲಿಲ್ಲ. 'ಏ ಬರ್ರಿ ಇಲ್ಲೆ. ಅಷ್ಟು ದೂರ ಕೈ ಮುಟ್ಟೂದಿಲ್ಲ' ಅಂತ ಕೂಗಿದಳು, ಆರಾಧನೆಯ ನಡುವೆ, ಸಂತೆಯಲ್ಲಿ ಕೂಗಿದ ಹಾಗೆ. ಅವರು ಎದ್ದು ಬಂದರು. ಓರೆಯಾಗಿ ಕೂರುವ ಹಿರಿಯರ ಪಕ್ಕ ಒಬ್ಬ ಮುದುಕಿ ಕೂತಳು. ಹಿರಿಯರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಎರಡೂ ಕೈ ಮುಂದೆ ಮಾಡಿದರು. ನಾನು ನೆಲ ನೋಡಿದೆ, ಅವರ ಮುಖ ನೋಡುವುದು ಸರಿಯಲ್ಲ ಅನ್ನಿಸಿತು.

ಅವರೆಲ್ಲ ಈಗ ಪ್ರತಿ ವಾರ ಬರುತ್ತಾರೆ ಅಂತ ಬರೆದರೆ ಸುಳ್ಳಾಗುತ್ತದೆ. ಮೂರು ಮನೆಯವರು ಬರುತ್ತಾರೆ. ಉಳಿದವರಿಗೆ ತಮ್ಮ ಚಪ್ಪರವೇ ಇಷ್ಟ. ಅಲ್ಲಿ ಹಾಡು ಜೋರು, ಡೋಲಕ್ ಇದೆ, ಜರ್ಮನ್ ರಾಗ ಎಳೆಯುವ ಕಷ್ಟ ಇಲ್ಲ. ತಿಂಗಳಿಗೊಮ್ಮೆ ನಾವೇ ಅಲ್ಲಿಗೆ ಹೋಗುತ್ತೇವೆ. ಹಾಡಿನ ವಿಷಯದಲ್ಲಿ ಅವರೇ ಸರಿ ಅಂತ ನನ್ನ ಅಭಿಪ್ರಾಯ. ನಿಘಂಟು ಬರೆದ ಕಿಟೆಲ್ ಕೂಡ ಯೇಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲೇ ಹಾಡಿಸಲು ನೋಡಿದವರು. ನೂರೈವತ್ತು ವರ್ಷ ದಾಟಿದರೂ ನಾವು ಇನ್ನೂ ಹಾರ್ಮೋನಿಯಂ ಮೇಲೆ ಬಾಸೆಲ್ಲಿನ ಚಳಿ ನುಡಿಸುತ್ತಿದ್ದೇವೆ.

ಹೊಸಬರು ಬಂದದ್ದು ನಾವು ಯೋಚಿಸಿರದ ದಿಕ್ಕಿನಿಂದ. ಸುತ್ತಲ ಗುಡ್ಡಗಳ ಮೇಲೆಲ್ಲ ಈಗ ಗಾಳಿ ಫ್ಯಾನುಗಳು. ಅದರ ಕೆಲಸಕ್ಕೆ ತಮಿಳುನಾಡಿನ ಹುಡುಗನೊಬ್ಬ ಬಂದ. ಸರ್ಕಾರಿ ದವಾಖಾನೆಗೆ ಕೇರಳದ ನರ್ಸಮ್ಮ. ರಸ್ತೆ ಕೆಲಸಕ್ಕೆ ತೆಲುಗಿನವರ ಒಂದು ಗುಂಪು, ಅವರು ಆರು ತಿಂಗಳು ಇದ್ದು ಹೋದರು. ಊರು ಬಿಟ್ಟು ಹೋದವರನ್ನೇ ನೆನೆಸಿ ಅಳುತ್ತಿದ್ದ ನಮಗೆ ಊರಿಗೆ ಬಂದವರು ಕಂಡಿರಲೇ ಇಲ್ಲ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಯಾವ ಗುರುತಿಲ್ಲದ ದೇವಾಲಯದ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೋ, ಈ ಹುಡುಗನೂ ನಮ್ಮಲ್ಲಿ ಹಾಗೇ ಬಂದು ಕೂತಿದ್ದ. ಮೊದಲ ದಿನ ಯಾರೋ ಅವನನ್ನು, ಇದು ಇಂಥವರ ಬೆಂಚು ಅಂತ ಎಬ್ಬಿಸಿದ್ದರಂತೆ. ಸುತ್ತು ಬೆಂಚು ಬರುವ ಮೊದಲಿನ ಮಾತು. ಆದರೂ ಮತ್ತೆ ಬಂದನಲ್ಲ, ಅದು ಅವನ ದೊಡ್ಡತನ. ಈಗ ಅವನೇ ಎರಡನೇ ಭಾನುವಾರದ ಪಾಠ ಓದುವವನು. 'ಳ' ಮತ್ತು 'ಲ' ಅವನ ಬಾಯಲ್ಲಿ ಅದಲು ಬದಲು. ಮಕ್ಕಳು ನಗುತ್ತವೆ, ಅವನೂ ನಗುತ್ತಾನೆ.

ಅತ್ತಿಗೆ ಲೇ ಪ್ರೀಚರ್ (ಪಾದ್ರಿಯಲ್ಲದ ಉಪದೇಶಕಿ) ತರಬೇತಿಗೆ ಹೋಗು ಅಂತ ಅಯ್ಯನವರು ಹೇಳಿದರು. 'ಈ ವಯಸ್ಸಿನ್ಯಾಗ ಪರೀಕ್ಷಿ ಬರೀಲೇನು' ಅಂದಳು. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅನ್ನುವವರು ಸಿಎಸ್‌ಐಯ ಮೊದಲ ಮಹಿಳಾ ಬಿಷಪ್ ಆದದ್ದನ್ನು ನಾನು ನೆನಪಿಸಿದೆ. ಅತ್ತಿ ಸ್ವಲ್ಪ ಹೊತ್ತು ಯೋಚಿಸಿ, 'ಅಕಿಗೆ ರೊಟ್ಟಿ ಮಾಡವ್ರು ಬ್ಯಾರೆ ಇದ್ದಾರು' ಅಂದಳು. ತರಬೇತಿಗೆ ಹೋಗಲಿಲ್ಲ. ಮಾರ್ಕ, ಲೂಕ ಮುಗಿಸಿ ಈಗ ಅಪೊಸ್ತಲರ ಕೃತ್ಯಗಳಿಗೆ ಬಂದಿದ್ದಾಳೆ.

ಕಳೆದ ಭಾನುವಾರ ಎಣಿಸಿದೆ. ಇಪ್ಪತ್ತಾರು. ಅದರಲ್ಲಿ ಇಬ್ಬರು ಒಂದು ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದಾರೆ. ಒಂದು ಕೂಸು ಅಳುತ್ತಿತ್ತು. ಪಡಸಾಲೆಯ ಎರಡು ಬೆಂಚು ಓಣಿಯ ಮದುವೆಗೆ ಹೋಗಿ ಅರಿಶಿನದ ಕಲೆ ಹೊತ್ತು ವಾಪಸ್ ಬಂದಿವೆ, ಒರೆಸಿದರೂ ಹೋಗುತ್ತಿಲ್ಲ.

ಅಯ್ಯನವರು ತಡವಾಗಿ ಬಂದರು. ಪಂಕ್ಚರ್ ಆಗಿತ್ತಂತೆ. ನಾವು ಶುರು ಮಾಡಿ ಆಗಿತ್ತು. ಹೊಲದ ಕಾಕಾ ಪ್ರಾರ್ಥನೆ ಮಾಡುತ್ತಿದ್ದರು, ನಿಲ್ಲಿಸಲಿಲ್ಲ. ಅಯ್ಯನವರು ಕೈ ಒರೆಸಿಕೊಂಡು ನರ್ಸಮ್ಮನ ಪಕ್ಕ ಕೂತರು. ಆಮೇಲೆ ಬಲಿಪೀಠಕ್ಕೆ ಹೋದರು. ಸಮಾಧಾನ ಹೇಳಿ ಅತ್ತಿಗೆ ಕೈ ಕೊಟ್ಟರು. ಅದು ಅತ್ತಿಯಿಂದ ಟೇಲರ್ ಕಾಕಾನಿಗೆ, ಅವರಿಂದ ಕೇರಿಯ ಮುದುಕಿಗೆ, ಓರೆ ಹಿರಿಯರಿಗೆ, ಗಾಳಿ ಫ್ಯಾನಿನ ಹುಡುಗನಿಗೆ, ಹೀಗೆ ಸುತ್ತಿತು. ಬೇಲಿ ಜಗಳದವರು ಪಕ್ಕ ಪಕ್ಕ ಸಿಕ್ಕಿಬಿದ್ದಿದ್ದರು. ಒಬ್ಬರನ್ನೊಬ್ಬರು ನೋಡದೆ ಕೈ ಕೊಟ್ಟರು. ಕೊನೆಗೆ ನರ್ಸಮ್ಮನಿಗೆ ಬಂತು. ಅವರ ಪಕ್ಕದ ಜಾಗ ಅಯ್ಯನವರದು, ಖಾಲಿ. ನರ್ಸಮ್ಮ ಅತ್ತಿತ್ತ ನೋಡಿ, ಎದ್ದು ಬಲಿಪೀಠದ ಹತ್ತಿರ ಹೋಗಿ, ಅಯ್ಯನವರ ಮುಂದೆ ಕೈ ನೀಡಿದರು.

ಅಯ್ಯನವರು ಪುಸ್ತಕ ನೋಡಿದರು. ಕೊಟ್ಟದ್ದು ವಾಪಸ್ ಬಂದರೆ ಏನು ಮಾಡಬೇಕು ಅಂತ ಅದರಲ್ಲಿ ಬರೆದಿಲ್ಲ.

'ಇಟ್ಕೊಳ್ರಿ ಅಯ್ಯನವರ' ಅಂದಳು ಅತ್ತಿ. 'ನಾಕ್ ಊರು ತಿರಗತೀರಿ.'